ಮೂರು ಲೆಕ್ಕ, ಒಂದೇ ತಲೆಬರಹ: ಆಹಾರದ ಸುದ್ದಿಯನ್ನು ನಾವು ಓದುತ್ತಿರುವ ಬಗೆ

2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು ಬೀದಿ ತಿಂಡಿ, ಬೇಕರಿ ತಿನಿಸುಗಳ ಮೇಲೆ ಒಂದರ ಹಿಂದೊಂದು ತಪಾಸಣೆ ನಡೆಸಿದರು. ಮೊದಲು ಗೋಬಿ ಮಂಚೂರಿ: ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತ. ವರ್ಷದ ಮಧ್ಯದಲ್ಲಿ ಪಾನಿಪುರಿ: 260ರಲ್ಲಿ 41 ಅಸುರಕ್ಷಿತ. ಅಕ್ಟೋಬರ್ ಹೊತ್ತಿಗೆ ಕೇಕು: 235ರಲ್ಲಿ 12. ನೂರಕ್ಕೆ ಇಳಿಸಿ ನೋಡಿದರೆ ಮೊದಲನೆಯದು 63ರ ಹತ್ತಿರ, ಎರಡನೆಯದು 16, ಮೂರನೆಯದು ಬರೀ 5. ಗೋಬಿಯ ಲೆಕ್ಕ ನಿಜಕ್ಕೂ ಗಾಬರಿ ಹುಟ್ಟಿಸುವಂಥದ್ದು. ಕೇಕಿನ ಲೆಕ್ಕದಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು ಸರಿಯಾಗಿವೆ.

ಆದರೆ ಆ ದಿನಗಳಲ್ಲಿ ನಮ್ಮ ಮೊಬೈಲಿಗೆ ಬಂದು ಬಿದ್ದ ಸುದ್ದಿಗಳನ್ನು ಪಕ್ಕಪಕ್ಕ ಇಟ್ಟರೆ ಈ ವ್ಯತ್ಯಾಸದ ಸುಳಿವೇ ಸಿಗುವುದಿಲ್ಲ. ‘ಗೋಬಿ ಪ್ರಿಯರೇ ಎಚ್ಚರ’, ‘ಪಾನಿಪುರಿ ಪ್ರಿಯರಿಗೆ ಶಾಕ್’, ‘ಕೇಕ್ ತಿನ್ನೋ ಮುನ್ನ ಈ ಸುದ್ದಿ ಓದಿ’ ಎಂಬ ಧಾಟಿ. ತಿಂಡಿಯ ಹೆಸರು ಬದಲಾಯಿತು, ಅಚ್ಚು ಬದಲಾಗಲಿಲ್ಲ. ಎಲ್ಲದರ ಬಾಲಕ್ಕೂ ಕ್ಯಾನ್ಸರ್ ಅಂಟಿಕೊಂಡಿತ್ತು. 2025ರ ಫೆಬ್ರುವರಿಯಲ್ಲಿ ಸರದಿ ಇಡ್ಲಿಯದಾಯಿತು. ಸುಮಾರು 250 ಕಡೆ ನೋಡಿದಾಗ 50ಕ್ಕೂ ಹೆಚ್ಚು ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿದ್ದರು. ತಕರಾರು ಇದ್ದದ್ದು ಹಾಳೆಯ ಮೇಲೆ. ತಲೆಬರಹದಲ್ಲಿ ಅಪರಾಧಿ ಸ್ಥಾನದಲ್ಲಿ ನಿಂತದ್ದು ಇಡ್ಲಿ.

ಆನ್‌ಲೈನ್ ಪತ್ರಿಕೆಗಳ ಆಹಾರ ವರದಿಗಾರಿಕೆಯ ಮೇಲೆ ಸುಳ್ಳು ಹೇಳುತ್ತಾರೆಂಬ ಆರೋಪ ಸುಲಭವಾಗಿ ಬರುತ್ತದೆ. ನನ್ನ ದೂರು ಅದಲ್ಲ. ಮೇಲಿನ ಅಂಕಿಗಳೆಲ್ಲ ಆ ವರದಿಗಳ ಒಳಗೇ ಇದ್ದವು, ಮೂರನೆಯದೋ ನಾಲ್ಕನೆಯದೋ ಪ್ಯಾರಾದಲ್ಲಿ. ಓದುಗನಿಗೆ ಬೇಕಾದ ಮೂರು ಸಂಗತಿಗಳು, ಅಂದರೆ ಎಷ್ಟರಲ್ಲಿ ಎಷ್ಟು ಕೆಟ್ಟಿದೆ, ಎಷ್ಟು ತಿಂದರೆ ಕೆಡುಕು, ಯಾವುದಕ್ಕೆ ಹೋಲಿಸಿದರೆ ಕೆಡುಕು, ಇವು ತಲೆಬರಹಕ್ಕೆ ಬರುವಷ್ಟರಲ್ಲಿ ಸೋರಿಹೋಗುತ್ತವೆ. ಉಳಿಯುವುದು ತಿಂಡಿಯ ಹೆಸರು ಮತ್ತು ರೋಗದ ಹೆಸರು. ಅದನ್ನು ಓದಿದವರು ಒಂದೋ ಹೆದರುತ್ತಾರೆ, ಇಲ್ಲವೇ ನಕ್ಕು ಮುಂದೆ ಹೋಗುತ್ತಾರೆ. ನಗುವವರ ಸಂಖ್ಯೆ ಹೆಚ್ಚುತ್ತಿದೆ. ಅವರು ದಡ್ಡರೆಂದು ನನಗನ್ನಿಸುವುದಿಲ್ಲ.

ಮಾದರಿಯ ವಿಷಯದಲ್ಲಿ ಒಂದು ಮಾತು. ಆಹಾರ ಸುರಕ್ಷತಾ ಅಧಿಕಾರಿ ಸಾಮಾನ್ಯವಾಗಿ ಕೈ ಹಾಕುವುದು ಅನುಮಾನ ಇರುವ ಕಡೆ. ಕೆಂಪಗೆ ಹೊಳೆಯುವ ಗೋಬಿ ಕಂಡರೆ ಅಲ್ಲಿ ನಿಲ್ಲುತ್ತಾರೆ, ನಿಲ್ಲಬೇಕಾದ್ದೂ ಅಲ್ಲೇ. ಹೀಗೆ ತೆಗೆದ 171 ಮಾದರಿ ರಾಜ್ಯದ ಎಲ್ಲ ಗೋಬಿ ಗಾಡಿಗಳ ಪ್ರತಿನಿಧಿಯಲ್ಲ. ‘ರಾಜ್ಯದ ಶೇ 63ರಷ್ಟು ಗೋಬಿ ವಿಷ’ ಎಂದು ಇದರಿಂದ ಹೇಳಲು ಬರುವುದಿಲ್ಲ. ತಪ್ಪು ಹಿಡಿಯುವ ತಪಾಸಣೆ ಬೇರೆ, ಜನ ಏನು ತಿನ್ನುತ್ತಿದ್ದಾರೆ ಎಂದು ತಿಳಿಯುವ ಸಮೀಕ್ಷೆ ಬೇರೆ. ಸುದ್ದಿಯಲ್ಲಿ ಎರಡೂ ‘ವರದಿ’ ಎಂಬ ಒಂದೇ ಹೆಸರಿನಲ್ಲಿ ಬರುತ್ತವೆ.

ಗೋಬಿಯ ಪ್ರಕರಣವನ್ನು ಇನ್ನಷ್ಟು ಹತ್ತಿರದಿಂದ ನೋಡಬಹುದು. 2024ರ ಫೆಬ್ರುವರಿಯಲ್ಲಿ ಪುದುಚೇರಿ, ತಮಿಳುನಾಡುಗಳು ಕಾಟನ್ ಕ್ಯಾಂಡಿಯನ್ನು ನಿಷೇಧಿಸಿದ್ದವು. ಗೋವಾದ ಮಾಪುಸಾ ನಗರಸಭೆ ಗೋಬಿ ಮಂಚೂರಿ ಗಾಡಿಗಳ ಮೇಲೆ ಮುಗಿಬಿದ್ದಿತ್ತು. ಆ ಗಾಳಿ ಇಲ್ಲಿಗೂ ಬೀಸಿ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪತ್ರಿಕಾಗೋಷ್ಠಿ ಕರೆದರು. ಕಾಟನ್ ಕ್ಯಾಂಡಿಯ 25 ಮಾದರಿಗಳಲ್ಲಿ 15ರಲ್ಲಿ ಬಳಸಬಾರದ ಬಣ್ಣ ಸಿಕ್ಕಿತ್ತು. ಗೋಬಿಯಲ್ಲಿ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್ ಎಂಬ ಕೃತಕ ಬಣ್ಣಗಳು ಸಿಕ್ಕಿದ್ದವು. ನಿಷೇಧವಾದದ್ದು ಕಾಟನ್ ಕ್ಯಾಂಡಿಯಲ್ಲಿ ರೋಡಮಿನ್-ಬಿ, ಗೋಬಿಯಲ್ಲಿ ಕೃತಕ ಬಣ್ಣ. ಹೂಕೋಸನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಮಾರುವುದನ್ನು ಯಾರೂ ನಿಷೇಧಿಸಲಿಲ್ಲ. ಆದರೂ ಅಂದು ಸಂಜೆಯ ಹೊತ್ತಿಗೆ ‘ರಾಜ್ಯದಲ್ಲಿ ಗೋಬಿ ಬ್ಯಾನ್’ ಎಂಬುದು ಮನೆಮಾತಾಗಿತ್ತು. ಮರುದಿನ ಗಾಡಿಗಳು ನಿಂತಲ್ಲೇ ನಿಂತಿದ್ದನ್ನು ಕಂಡ ಜನ ‘ಬ್ಯಾನ್ ಮಾಡಿದ್ರಲ್ಲ, ಮತ್ತೆ ಹೆಂಗ್ ಮಾರ್ತಿದಾರೆ? ಮಾಮೂಲಿ ಹೋಗಿರ್ಬೇಕು’ ಎಂದರು. ತಲೆಬರಹದ ಅರ್ಧ ಮಾತು ಆಡಳಿತದ ಮೇಲಿನ ಅಪನಂಬಿಕೆಯಾಗಿ ತಿರುಗಿದ್ದು ಹೀಗೆ.

ಈ ಬಣ್ಣಗಳೂ ಒಂದೇ ಜಾತಿಯವಲ್ಲ. ರೋಡಮಿನ್-ಬಿ ಜವಳಿ, ಕಾಗದಕ್ಕೆ ಹಾಕುವ ಬಣ್ಣ. ಆಹಾರಕ್ಕೆ ಅದು ಎಲ್ಲಿಯೂ ಒಪ್ಪಿತವಲ್ಲ. ಟಾರ್ಟ್ರಜಿನ್ ಮತ್ತು ಸನ್‌ಸೆಟ್ ಯೆಲ್ಲೊ ಹಾಗಲ್ಲ. ನಮ್ಮ ದೇಶದ ಕಾನೂನೇ ಅವನ್ನು ಕೆಲವು ಸಿಹಿತಿಂಡಿ, ಪಾನೀಯ, ಐಸ್‌ಕ್ರೀಮುಗಳಲ್ಲಿ ಗೊತ್ತುಪಡಿಸಿದ ಪ್ರಮಾಣದೊಳಗೆ ಬಳಸಲು ಬಿಟ್ಟಿದೆ. ಗೋಬಿಗೆ ಬಿಟ್ಟಿಲ್ಲ. ಗಾಡಿಯಲ್ಲಿ ಬಣ್ಣದ ಪುಡಿಯನ್ನು ತೂಕ ಮಾಡಿ ಹಾಕುವವರಿಲ್ಲ, ಚಮಚದ ತುದಿಯೇ ಅಳತೆ. ಹಾಗಾಗಿ ಇಲಾಖೆಯ ಕ್ರಮ ಸರಿಯೇ. ಆದರೆ ಈ ಸೂಕ್ಷ್ಮವನ್ನು ಬಿಡಿಸಿ ಹೇಳಿದ ಕನ್ನಡ ವರದಿಗಳು ಬೆರಳೆಣಿಕೆಯಷ್ಟು. ಹೇಳಿದ್ದರೆ ಓದುಗ ತನ್ನ ಮನೆಯ ಫ್ರಿಜ್ಜಿನಲ್ಲಿರುವ ಹಳದಿ ಪಾನೀಯದ ಬಾಟಲಿಯನ್ನೂ ಒಮ್ಮೆ ತಿರುಗಿಸಿ ನೋಡುತ್ತಿದ್ದ. ಇನ್ನೊಂದು ತಮಾಷೆಯೂ ಇದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೋಡಮಿನ್-ಬಿಯನ್ನು ಇಟ್ಟಿರುವುದು ಮೂರನೆಯ ಗುಂಪಿನಲ್ಲಿ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೋ ಇಲ್ಲವೋ ಎಂದು ವಿಂಗಡಿಸಲು ಸಾಕಷ್ಟು ಸಾಕ್ಷ್ಯ ಇಲ್ಲದವುಗಳ ಗುಂಪು ಅದು. ಬಟ್ಟೆಯ ಬಣ್ಣ ಮಕ್ಕಳ ಬಾಯಿಗೆ ಹೋಗಬಾರದು ಎನ್ನಲು ಕ್ಯಾನ್ಸರಿನ ಸಾಕ್ಷಿ ಬೇಕಾಗಿಯೇ ಇಲ್ಲ. ಅದು ಬೇಕಾದದ್ದು ಸುದ್ದಿಗೆ. ಇದರಲ್ಲಿ ಪತ್ರಕರ್ತರನ್ನಷ್ಟೇ ಬೈದು ಪ್ರಯೋಜನವಿಲ್ಲ. ಕ್ಯಾನ್ಸರ್ ಎಂಬ ಮಾತು ಸಚಿವರ ಬಾಯಲ್ಲೂ ಅಧಿಕಾರಿಗಳ ಬಾಯಲ್ಲೂ ಧಾರಾಳವಾಗಿ ಬಂದಿತ್ತು.

ನಮ್ಮ ರಸ್ತೆಯ ತಿರುವಿನ ಗೋಬಿ ಗಾಡಿಯಲ್ಲಿ ಆ ವಾರವೇ ರಟ್ಟಿನ ಬೋರ್ಡು ಬಿತ್ತು: ‘ಕಲರ್ ಹಾಕುವುದಿಲ್ಲ’. ಬಣ್ಣ ನಿಂತಿತು, ಗೋಬಿ ಬೆಳ್ಳಗಾಯಿತು. ಕೆಲ ದಿನ ಗಿರಾಕಿಗಳು ಮುಖ ಸಿಂಡರಿಸಿದರು. ಆಮೇಲೆ ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಹಾಕಿದ ಕೆಂಪು ಬಂತು, ವ್ಯಾಪಾರವೂ ಮರಳಿ ಬಂತು. ಬಾಣಲೆಯ ಎಣ್ಣೆ ಮಾತ್ರ ಬೆಳಿಗ್ಗೆಯಿಂದ ಕಾದದ್ದೇ, ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದೇ. ಎಣ್ಣೆಯಲ್ಲಿ ಕೆಟ್ಟ ಸಂಯುಕ್ತಗಳು ಶೇ 25 ಮೀರಿದರೆ ಅದನ್ನು ಮತ್ತೆ ಅಡುಗೆಗೆ ಬಳಸುವಂತಿಲ್ಲ ಎಂಬ ನಿಯಮ 2018ರಿಂದಲೇ ಇದೆ. ಉಪ್ಪಿನ ಪ್ರಮಾಣ, ಸಾಸಿನ ಸಕ್ಕರೆ, ಮೈದಾ, ಕರಿದದ್ದನ್ನು ವಾರಕ್ಕೆ ಎಷ್ಟು ಸಲ ತಿನ್ನುತ್ತೇವೆ ಎಂಬ ಲೆಕ್ಕ, ಇದಾವುದೂ ಆ ತಿಂಗಳುಗಳ ಸುದ್ದಿಯಲ್ಲಿ ಇರಲಿಲ್ಲ ಎನ್ನುವಷ್ಟು ಕಡಿಮೆ. ಬಣ್ಣ ಹೋದದ್ದೇ ‘ಈಗ ಆರೋಗ್ಯಕರ’ ಎಂಬ ಮುದ್ರೆ ಒತ್ತಿದಂತಾಯಿತು. ಎರಡು ಪ್ಲೇಟು ಕಟ್ಟಿಸಿಕೊಳ್ಳುತ್ತಿದ್ದ ತಂದೆಯೊಬ್ಬರು ಮಗಳಿಗೆ ‘ಕಲರ್ ಇಲ್ಲಮ್ಮ, ಧೈರ್ಯವಾಗಿ ತಿನ್ನು’ ಎಂದದ್ದನ್ನು ಅಲ್ಲೇ ನಿಂತು ಕೇಳಿದ್ದೇನೆ. ಪೌಷ್ಟಿಕತೆಯ ಸುದ್ದಿ ಅವರಿಗೆ ಏನು ಕಲಿಸಿತು ಎಂಬುದಕ್ಕೆ ಬೇರೆ ಸಮೀಕ್ಷೆ ನನಗೆ ಬೇಕೆನಿಸಲಿಲ್ಲ.

ಕ್ಯಾನ್ಸರಿನ ವಿಚಾರದಲ್ಲಿ ಲೋಕದ ಪತ್ರಿಕೆಗಳೆಲ್ಲ ಎಡವುವುದು ಒಂದೇ ಕಡೆ. ಒಂದು ವಸ್ತುವಿಗೆ ಕ್ಯಾನ್ಸರ್ ತರುವ ಗುಣ ಇದೆಯೇ ಎಂಬ ಪ್ರಶ್ನೆ ಒಂದು. ನಾವು ತಿನ್ನುವ ಪ್ರಮಾಣದಲ್ಲಿ ಅದು ಎಷ್ಟು ಜನಕ್ಕೆ ತರುತ್ತದೆ ಎಂಬುದು ಇನ್ನೊಂದು. ಅಂತರರಾಷ್ಟ್ರೀಯ ಸಂಸ್ಥೆಯ ಗುಂಪುಗಳು ಉತ್ತರಿಸುವುದು ಮೊದಲನೆಯದನ್ನು ಮಾತ್ರ. 2015ರ ಅಕ್ಟೋಬರ್‌ನಲ್ಲಿ ಅದು ಸಂಸ್ಕರಿಸಿದ ಮಾಂಸವನ್ನು ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎನ್ನಲು ಸಾಕಷ್ಟು ಸಾಕ್ಷ್ಯ ಇರುವವುಗಳ ಗುಂಪಿಗೆ, ಸೇರಿಸಿತು. ತಂಬಾಕು ಕೂಡ ಅದೇ ಗುಂಪಿನಲ್ಲಿದೆ. ‘ಸಾಸೇಜ್ ಸಿಗರೇಟಿನಷ್ಟೇ ಅಪಾಯಕಾರಿ’ ಎಂದು ಜಗತ್ತಿನಾದ್ಯಂತ ಸುದ್ದಿಯಾಯಿತು. ಸಂಸ್ಥೆ ಹೇಳಿದ್ದು ದಿನಕ್ಕೆ 50 ಗ್ರಾಂ ತಿನ್ನುವವರಿಗೆ ದೊಡ್ಡಕರುಳಿನ ಕ್ಯಾನ್ಸರಿನ ಸಾಧ್ಯತೆ ಶೇ 18ರಷ್ಟು ಹೆಚ್ಚು ಎಂದು. ಜೀವಮಾನದಲ್ಲಿ 100 ಮಂದಿಯಲ್ಲಿ 5 ಮಂದಿಗೆ ಬರುವ ಕಾಯಿಲೆ ಎಂದಿಟ್ಟುಕೊಂಡರೆ, ಶೇ 18 ಹೆಚ್ಚು ಎಂದರೆ 6ರ ಹತ್ತಿರ. ನೂರಕ್ಕೆ ಒಬ್ಬರು ಹೆಚ್ಚು ಎಂಬುದು ಸಣ್ಣ ಮಾತಲ್ಲ, ಆದರೆ ಸಿಗರೇಟಿಗೆ ಹೋಲಿಸುವ ಮಾತಂತೂ ಅಲ್ಲ. 2023ರ ಜುಲೈನಲ್ಲಿ ಡಯಟ್ ಕೋಲಾಗಳಲ್ಲಿರುವ ಆಸ್ಪರ್ಟೇಮ್ ಎಂಬ ಕೃತಕ ಸಿಹಿಗೂ ಹೀಗೇ ಆಯಿತು. 70 ಕಿಲೋ ತೂಕದ ಮನುಷ್ಯ ದಿನಕ್ಕೆ 9ರಿಂದ 14 ಕ್ಯಾನಿಗಿಂತ ಹೆಚ್ಚು ಕುಡಿದರೆ ಮಾತ್ರ ಮಿತಿ ಮೀರುತ್ತದೆ ಎಂಬುದು ಅದೇ ದಿನದ ವಿಶ್ವ ಆರೋಗ್ಯ ಸಂಸ್ಥೆಯ ಹೇಳಿಕೆಯಲ್ಲೇ ಇತ್ತು. ಆ ಸಾಲು ತಲೆಬರಹದಷ್ಟು ದೂರ ಹೋಗಲಿಲ್ಲ.

ಸಂಶೋಧನೆಯ ಕಡೆಯೂ ಹುಳುಕಿದೆ. 2013ರಲ್ಲಿ ಇಬ್ಬರು ಸಂಶೋಧಕರು ಅಡುಗೆ ಪುಸ್ತಕವೊಂದರಿಂದ ಹಾಗೆಯೇ 50 ಪದಾರ್ಥಗಳನ್ನು ಆರಿಸಿಕೊಂಡು, ಅವುಗಳಿಗೂ ಕ್ಯಾನ್ಸರಿಗೂ ನಂಟು ಹುಡುಕಿದ ಅಧ್ಯಯನಗಳಿವೆಯೇ ಎಂದು ಶೋಧಿಸಿದರು. 40ಕ್ಕೆ ಸಿಕ್ಕವು. ಒಂದೇ ಪದಾರ್ಥ ಒಂದು ಅಧ್ಯಯನದಲ್ಲಿ ಕ್ಯಾನ್ಸರ್ ಹೆಚ್ಚಿಸಿದರೆ ಇನ್ನೊಂದರಲ್ಲಿ ಕಡಿಮೆ ಮಾಡುತ್ತಿತ್ತು. ದಿನಕ್ಕೊಂದು ಅಧ್ಯಯನ ಹಿಡಿದು ದಿನಕ್ಕೊಂದು ಸುದ್ದಿ ಬರೆದರೆ ಕಾಫಿ ಸೋಮವಾರ ಅಮೃತ, ಗುರುವಾರ ವಿಷ.

ಇನ್ನು ನಮ್ಮ ಕನ್ನಡ ವೆಬ್ ಡೆಸ್ಕುಗಳ ಕಡೆ ಬರೋಣ. ಆರೋಗ್ಯ ವಿಭಾಗಕ್ಕೆಂದೇ ಕೂತಿರುವ ವರದಿಗಾರ ಹೆಚ್ಚಿನ ಕಡೆ ಇಲ್ಲ. ಸಿನಿಮಾ, ರಾಶಿಭವಿಷ್ಯ, ಚಿನ್ನದ ದರ ಬರೆಯುವವರೇ ಆರೋಗ್ಯವನ್ನೂ ಬರೆಯಬೇಕು. ಇಂಗ್ಲಿಷ್ ಅಥವಾ ಹಿಂದಿ ಪ್ರತಿ ಬರುತ್ತದೆ, ಅರ್ಧ ಗಂಟೆಯಲ್ಲಿ ಕನ್ನಡಕ್ಕೆ ಇಳಿಯಬೇಕು. ಗೂಗಲ್ ಯಾವುದನ್ನು ಎತ್ತಿ ತೋರಿಸುತ್ತದೋ ಅದನ್ನೇ ಇನ್ನಷ್ಟು ಬರೆಯಬೇಕು. ಈ ಒತ್ತಡದಲ್ಲಿ ಹುಟ್ಟಿದ ಒಂದು ಪ್ರಕಾರ ಎಲ್ಲರಿಗೂ ಗೊತ್ತಿರುವಂಥದ್ದು. ‘ಬೆಳಿಗ್ಗೆ ಖಾಲಿ ಹೊಟ್ಟೆಗೆ ಈ ಎಲೆ ಅಗಿದರೆ ಶುಗರ್ ಜನ್ಮದಲ್ಲೇ ಹತ್ತಿರ ಸುಳಿಯಲ್ಲ’ ಎಂಬ ತರಹದ್ದು. ಯಾವ ಎಲೆ ಎಂದು ತಿಳಿಯಲು ಏಳೆಂಟು ಸ್ಲೈಡು ದಾಟಬೇಕು. ಕೊನೆಗೆ ಸಿಗುವುದು ಕರಿಬೇವು. ಅದರ ಕೆಳಗೆ ಸಣ್ಣಕ್ಷರದಲ್ಲಿ ಒಂದು ಟಿಪ್ಪಣಿ: ಇಲ್ಲಿರುವ ಮಾಹಿತಿ ಮನೆಮದ್ದು ಹಾಗೂ ಸಾಮಾನ್ಯ ನಂಬಿಕೆಗಳನ್ನು ಆಧರಿಸಿದೆ, ನಮ್ಮ ಜಾಲತಾಣ ಇದನ್ನು ದೃಢಪಡಿಸುವುದಿಲ್ಲ. ಸುದ್ದಿಮನೆಯೊಂದು ತಾನು ಪ್ರಕಟಿಸಿದ್ದನ್ನು ತಾನೇ ದೃಢಪಡಿಸುವುದಿಲ್ಲ ಎಂದು ಬರೆದುಕೊಳ್ಳುವ ಈ ವ್ಯವಸ್ಥೆ ರಾಜಕೀಯ ಸುದ್ದಿಯಲ್ಲಿ ಒಂದು ದಿನವೂ ನಡೆಯಲಾರದು. ಆರೋಗ್ಯದಲ್ಲಿ ದಿನಕ್ಕೆ ಹತ್ತು ಸಲ ನಡೆಯುತ್ತದೆ.

ಕಾನೂನಿನ ದೃಷ್ಟಿಯಿಂದಲೂ ಇದು ವಿಚಿತ್ರ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರ ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆ ಎಂದು ಔಷಧದ ಜಾಹೀರಾತು ಕೊಡುವಂತಿಲ್ಲ. ದಾರಿತಪ್ಪಿಸುವ ಆರೋಗ್ಯ ಜಾಹೀರಾತುಗಳ ಬಗ್ಗೆ ಸುಪ್ರೀಂ ಕೋರ್ಟ್ 2024ರಲ್ಲಿ ಪತಂಜಲಿ ಪ್ರಕರಣದಲ್ಲಿ ಎಷ್ಟು ಕಟುವಾಗಿ ಮಾತಾಡಿತು ಎಂಬುದು ನೆನಪಿರಬಹುದು. ಅದೇ ಮಾತನ್ನು ಕಂಪನಿಯ ಹೆಸರಿಲ್ಲದೆ, ಜಾಹೀರಾತಿನ ಗೆರೆ ಹಾಕದೆ, ಲೇಖನ ಎಂದು ಬರೆದರೆ ಕೇಳುವವರಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿ 2023ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ. ‘ಶುಗರ್’ ಎಂದು ಬರೆದರೆ ಓದುಗರಿಗೆ ಬರವಿಲ್ಲ ಎಂಬುದು ಡೆಸ್ಕಿಗೂ ಗೊತ್ತು. ಕರಿಬೇವಿನಿಂದ ಯಾರಿಗೂ ಏನೂ ಆಗುವುದಿಲ್ಲ. ಅದನ್ನು ನಂಬಿ ಮಾತ್ರೆ ಬಿಟ್ಟವರಿಗೆ ಆಗುತ್ತದೆ.

ಸರಿಯಾದ ಮಾಹಿತಿ ಸಿಕ್ಕಾಗಲೂ ಅದು ಹೇಗೆ ಕೈತಪ್ಪುತ್ತದೆ ಎಂಬುದಕ್ಕೆ 2024ರ ಮೇ ತಿಂಗಳು ಒಳ್ಳೆಯ ಉದಾಹರಣೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಐಸಿಎಂಆರ್ ಭಾರತೀಯರಿಗಾಗಿ 17 ಆಹಾರ ಮಾರ್ಗಸೂಚಿಗಳನ್ನು ಬಿಡುಗಡೆ ಮಾಡಿದವು. ಬಗೆಬಗೆಯ ಧಾನ್ಯ, ಬೇಳೆ, ತರಕಾರಿ ಎಷ್ಟೆಷ್ಟು ಇರಬೇಕು, ಗರ್ಭಿಣಿ ಏನು ತಿನ್ನಬೇಕು, ಮಗುವಿಗೆ ಆರು ತಿಂಗಳ ನಂತರ ಏನು ಕೊಡಬೇಕು, ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು ಎಂಬುದರಿಂದ ಹಿಡಿದು ಪೊಟ್ಟಣದ ಲೇಬಲ್ ಓದುವ ಬಗೆಯವರೆಗೆ ಎಲ್ಲವೂ ಅಲ್ಲಿದ್ದವು. ಸುದ್ದಿಯಾಗಿ ಓಡಿದ್ದು ಒಂದೇ: ‘ಟೀ, ಕಾಫಿ ಕುಡಿಯೋರಿಗೆ ಐಸಿಎಂಆರ್ ಎಚ್ಚರಿಕೆ’.

ಐಸಿಎಂಆರ್ ಹೇಳಿದ್ದೇನು? ದಿನಕ್ಕೆ ಕೆಫೀನ್ 300 ಮಿಲಿಗ್ರಾಂ ಮೀರದಿರಲಿ. 150 ಮಿಲಿಲೀಟರ್ ಬ್ರೂ ಮಾಡಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಅಷ್ಟೇ ಅಳತೆಯ ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ದರ್ಶಿನಿಯಲ್ಲಿ ನಾವು ಬೈ-ಟು ಮಾಡಿ ಕುಡಿಯುವ ಲೋಟದಲ್ಲಿ ಹಾಲನ್ನೂ ನೊರೆಯನ್ನೂ ಕಳೆದರೆ ಉಳಿಯುವ ಡಿಕಾಕ್ಷನ್ ಎಷ್ಟು ಎಂದು ಲೆಕ್ಕ ಹಾಕಿ. ಆ ಮಿತಿಗೆ ಹೆದರಬೇಕಾದವರು ನಮ್ಮಲ್ಲಿ ಕಡಿಮೆ. ಎರಡನೆಯ ಸಲಹೆ ನಮಗೆ ಹೆಚ್ಚು ಸಂಬಂಧಪಟ್ಟದ್ದು. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ನಂತರ ಟೀ-ಕಾಫಿ ಬೇಡ, ಏಕೆಂದರೆ ಅವುಗಳಲ್ಲಿರುವ ಟ್ಯಾನಿನ್ ಊಟದಲ್ಲಿನ ಕಬ್ಬಿಣಾಂಶವನ್ನು ಮೈಗೆ ಹತ್ತದಂತೆ ಹಿಡಿದಿಡುತ್ತದೆ. ಐದನೆಯ ಸುತ್ತಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು. ತಿಂಡಿಯ ಜೊತೆಗೇ ಕಾಫಿ, ಊಟ ಮುಗಿಯುತ್ತಲೇ ಟೀ ಎಂಬ ರೂಢಿಯ ಮನೆಗಳಲ್ಲಿ ಸೊಪ್ಪಿನ ಸಾರಿನ ಕಬ್ಬಿಣ ಎಲ್ಲಿ ಹೋಗುತ್ತದೆ ಎಂಬುದು ಪುಟಗಟ್ಟಲೆ ಬರೆಯಬಹುದಾದ ಸುದ್ದಿ. ಕಾಫಿ ಬಿಡಿ ಎಂದು ಯಾರೂ ಹೇಳಿರಲಿಲ್ಲ. ಸ್ವಲ್ಪ ತಡೆದು ಕುಡಿಯಿರಿ, ಊಟದ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ ಎಂದರೆ ಮುಗಿಯುತ್ತಿತ್ತು. ಬಿಟ್ಟಿ ಸಲಹೆ, ಯಾರ ಮನೆಯಲ್ಲೂ ಮಾಡಬಹುದಾದದ್ದು. ಆ ನಂಟು ಕಟ್ಟಿಕೊಟ್ಟ ವರದಿ ಹುಡುಕಿದರೂ ಸಿಗದಷ್ಟು ಅಪರೂಪವಾಗಿತ್ತು.

ಹಾಗಾದರೆ ಓದುಗರು ಏನು ಮಾಡುತ್ತಿದ್ದಾರೆ? ಆಹಾರದ ಸುದ್ದಿಗಳ ಕೆಳಗೆ ಬರುವ ಪ್ರತಿಕ್ರಿಯೆಗಳನ್ನು ಸ್ವಲ್ಪ ಕಾಲ ಗಮನಿಸಿದವರಿಗೆ ಕೆಲವು ಸೊಲ್ಲುಗಳು ಬಾಯಿಪಾಠ ಬರುತ್ತವೆ. ‘ಹಂಗಾದ್ರೆ ತಿನ್ನೋದೇನ್ರಿ, ಗಾಳಿ ಕುಡ್ಕೊಂಡ್ ಇರ್ಬೇಕಾ?’ ಎಂಬುದು ಎಲ್ಲ ಸುದ್ದಿಗೂ ಹೊಂದುತ್ತದೆ. ‘ಗಾಳೀನೂ ಸರಿ ಇಲ್ವಲ್ಲ ಗುರು’ ಎಂದು ಕೆಳಗೊಬ್ಬರು ಸೇರಿಸುತ್ತಾರೆ. ಮತ್ತೊಬ್ಬರ ಅಜ್ಜಿ ದಿನಕ್ಕೆ ಎರಡು ಮುದ್ದೆ, ಎಮ್ಮೆ ತುಪ್ಪ ತಿಂದು 90 ದಾಟಿ ಬದುಕಿರುತ್ತಾರೆ. ಇನ್ನೊಬ್ಬರಿಗೆ ಇದೆಲ್ಲ ಔಷಧ ಕಂಪನಿಗಳ ಆಟ. ಮತ್ತೊಬ್ಬರು ‘ಬಡವರ ಗಾಡಿ ಮೇಲೆ ಯಾಕೆ ರೇಡು, ದೊಡ್ಡ ಹೋಟ್ಲಿಗೆ ಹೋಗಿ’ ಎನ್ನುತ್ತಾರೆ.

ಇವನ್ನು ಅಜ್ಞಾನವೆಂದು ತಳ್ಳಿಹಾಕುವುದು ಆರೋಗ್ಯ ತಜ್ಞರ ಹಳೆಯ ಚಾಳಿ. ಒಂದೊಂದಾಗಿ ನೋಡಿದರೆ ಎಲ್ಲದರಲ್ಲೂ ಸ್ವಲ್ಪ ನ್ಯಾಯವಿದೆ. ಏನು ತಿನ್ನಬೇಕು ಎಂಬ ಪ್ರಶ್ನೆ ಪೂರ್ತಿ ನ್ಯಾಯವಾದದ್ದು. ಬೇಡಗಳ ಪಟ್ಟಿ ಕೊಟ್ಟ ಸುದ್ದಿ ಬೇಕುಗಳ ಪಟ್ಟಿ ಕೊಡಲಿಲ್ಲ ಎಂಬ ದೂರು ಅದು. ಗಾಡಿಯ ಪ್ರಶ್ನೆಯೂ ಹಾಗೆಯೇ: ಎಲ್ಲೆಲ್ಲಿಂದ ಮಾದರಿ ತೆಗೆದಿರಿ ಎಂದು ವರದಿಗಾರ ಕೇಳಬೇಕಿದ್ದದ್ದನ್ನು ಓದುಗ ಕೇಳುತ್ತಿದ್ದಾನೆ. ಅಜ್ಜಿಯ ವಾದ ಸಂಖ್ಯಾಶಾಸ್ತ್ರದ ಮುಂದೆ ನಿಲ್ಲುವುದಿಲ್ಲ. ಅಜ್ಜಿಯ ಜೊತೆ ಹುಟ್ಟಿ ಹತ್ತು ವರ್ಷ ಕಾಣದೆ ಹೋದ ಮಕ್ಕಳು ಪ್ರತಿಕ್ರಿಯೆ ಬರೆಯಲು ಮೊಮ್ಮಕ್ಕಳನ್ನು ಬಿಟ್ಟುಹೋಗಿಲ್ಲ. ಆದರೆ ಆ ವಾದದ ಒಳಗೂ ಒಂದು ಮಾತಿದೆ. ಆಕೆ ಎರಡು ಮುದ್ದೆ ಉಂಡು ಹೊಲದಲ್ಲಿ ಸಂಜೆತನಕ ದುಡಿದರು. 100 ಗ್ರಾಂ ರಾಗಿಯಲ್ಲಿ 320 ಕ್ಯಾಲೊರಿ, ಸುಮಾರು 67 ಗ್ರಾಂ ಕಾರ್ಬೊಹೈಡ್ರೇಟ್ ಇದೆ. ಅಕ್ಕಿಗಿಂತ ತುಸು ಕಡಿಮೆ, ಅಷ್ಟೇ. ಸುಣ್ಣದಂಶದಲ್ಲಿ ಮಾತ್ರ ಅಕ್ಕಿ ಅದರ ಹತ್ತಿರಕ್ಕೂ ಬರುವುದಿಲ್ಲ: ರಾಗಿಯಲ್ಲಿ 364 ಮಿಲಿಗ್ರಾಂ, ಅಕ್ಕಿಯಲ್ಲಿ ಹತ್ತೂ ಇಲ್ಲ. ‘ರಾಗಿ ತಿಂದರೆ ಶುಗರ್ ಮಾಯ’ ಎಂಬ ಸುದ್ದಿ ನಂಬಿ ಕುರ್ಚಿಯಲ್ಲಿ ಕೂತು ದುಡಿಯುವವನು ಎರಡು ದೊಡ್ಡ ಮುದ್ದೆ ಇಳಿಸಿದರೆ ಗ್ಲೂಕೋಮೀಟರ್ ಬೇರೆ ಕಥೆ ಹೇಳುತ್ತದೆ. ಅಜ್ಜಿಯ ಮಾತನ್ನು ಅಲ್ಲಗಳೆಯುವ ಬದಲು ಪೂರ್ತಿ ಮಾಡುವ ಕೆಲಸ ವರದಿಗಾರನದು.

ಈ ಗೊಂದಲಕ್ಕೆ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಅಧ್ಯಯನವೂ ಇದೆ. ಅಮೆರಿಕದ ಸಂಶೋಧಕಿ ರೆಬೆಕಾ ನ್ಯಾಗ್ಲರ್ 2014ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವೈನ್, ಮೀನು, ಕಾಫಿ, ವಿಟಮಿನ್ ಮಾತ್ರೆಗಳ ಬಗ್ಗೆ ಒಂದಕ್ಕೊಂದು ತಾಳೆಯಾಗದ ಸುದ್ದಿಗಳನ್ನು ಹೆಚ್ಚು ಕಂಡವರನ್ನು ಗಮನಿಸಿದರು. ಅವರಲ್ಲಿ ಗೊಂದಲ ಹೆಚ್ಚಿತ್ತು. ಗೊಂದಲದ ಬೆನ್ನಿಗೆ ಪೌಷ್ಟಿಕ ಸಲಹೆಗಳ ಮೇಲೇ ಸಿಟ್ಟು, ಅಪನಂಬಿಕೆ ಇತ್ತು. ಅದು ಕಾಫಿ, ವೈನುಗಳಿಗಷ್ಟೇ ನಿಲ್ಲದೆ, ಯಾವ ವಿವಾದವೂ ಇಲ್ಲದ ಹಣ್ಣು-ತರಕಾರಿ ತಿನ್ನುವ, ವ್ಯಾಯಾಮ ಮಾಡುವ ಮನಸ್ಸನ್ನೂ ತಗ್ಗಿಸುವ ಸೂಚನೆ ಕಂಡಿತು. ಅಂದರೆ ಕೇಕಿನ ಬಗ್ಗೆ ಕೂಗಿದ್ದು ಸೊಪ್ಪಿನ ಸಲಹೆಗೂ ಮುಳುವಾಗಬಹುದು.

ಇಷ್ಟೆಲ್ಲ ಹೇಳಿದರೂ ನಮ್ಮಲ್ಲಿ ಆಹಾರದ ಸುದ್ದಿ ಬರೀ ಆರೋಗ್ಯದ ಸುದ್ದಿಯಲ್ಲ. ಅದಕ್ಕೆ ಜಾತಿ, ಮಠ, ಮನೆತನಗಳ ನಂಟಿದೆ. ಮೊಟ್ಟೆಯ ಕಥೆ ತೆಗೆದುಕೊಳ್ಳಿ. 2021ರ ಡಿಸೆಂಬರ್‌ನಲ್ಲಿ ಸರ್ಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಶುರುಮಾಡಿತು, ತಿನ್ನದವರಿಗೆ ಬಾಳೆಹಣ್ಣು. ಕೆಲವು ಸ್ವಾಮೀಜಿಗಳು ವಿರೋಧಿಸಿದರು. ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ನಮಗೆ ಮೊಟ್ಟೆ ಬೇಕೇ ಬೇಕು, ಇಲ್ಲದಿದ್ದರೆ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಸಿಡಿದ ವಿಡಿಯೊ ರಾಜ್ಯವೆಲ್ಲ ಓಡಾಡಿತು. ಆಮೇಲಿನ ವಾರಗಳಲ್ಲಿ ಜಾಲತಾಣಗಳು ಇದನ್ನು ಪರ-ವಿರೋಧದ ಜಗಳವಾಗಿಯೇ ನಡೆಸಿದವು. ಓದುಗರೂ ಹಾಗೆಯೇ ಪಾಲಾದರು. ಪ್ರತಿಕ್ರಿಯೆ ಬರೆದವರ ಹೆಸರು ನೋಡಿದರೆ ಯಾವ ಪಕ್ಷ ಎಂದು ಊಹಿಸಬಹುದಿತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರಕ್ಕೆ ಒಬ್ಬರಿಗಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂಬ ಇದೇ ರಾಜ್ಯದ ಅಂಕಿ, ಶೇ 35.4, ಆ ಜಗಳದ ಗದ್ದಲದಲ್ಲಿ ಮೂಲೆ ಸೇರಿತು.

2022ರಲ್ಲಿ ಎರಡು ದಾಖಲೆಗಳು ಹೆಚ್ಚುಕಡಿಮೆ ಒಟ್ಟಿಗೇ ಸುದ್ದಿಗೆ ಬಂದವು. ಒಂದು, ಹೊಸ ಶಿಕ್ಷಣ ನೀತಿಗಾಗಿ ರಾಜ್ಯದ ಸಮಿತಿಯೊಂದು ಬರೆದ ನಿಲುವು ಪತ್ರ; ಮೊಟ್ಟೆ, ಮಾಂಸ ನಿತ್ಯ ತಿಂದರೆ ಜೀವನಶೈಲಿಯ ಕಾಯಿಲೆಗಳು ಬರುತ್ತವೆ ಎಂದು ಅದು ಹೇಳಿತು. ಇನ್ನೊಂದು, ಗದಗದ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದ ಅಧ್ಯಯನ. ಮೊಟ್ಟೆ ಕೊಟ್ಟ ಯಾದಗಿರಿಯ ಮಕ್ಕಳನ್ನು, ಕೊಡದ ಗದಗದ ಮಕ್ಕಳಿಗೆ ಹೋಲಿಸಿ, ಯಾದಗಿರಿಯವರು ಹೆಚ್ಚು ತೂಕ ಪಡೆದರು ಎಂದಿತು. ಎಂಟನೆಯ ತರಗತಿಯ ಹೆಣ್ಣುಮಕ್ಕಳಲ್ಲಿ ‘ಶೇ 71ರಷ್ಟು ಹೆಚ್ಚು’ ಎಂಬ ಅಂಕಿ ತಲೆಬರಹಗಳಲ್ಲಿ ಮಿಂಚಿತು. ಮೊಟ್ಟೆಯ ಪರ ಇರುವವರು, ನನ್ನನ್ನೂ ಸೇರಿಸಿ, ಅದನ್ನು ಖುಷಿಯಿಂದ ಹಂಚಿಕೊಂಡರು. ಶೇ 71 ಹೆಚ್ಚಾದದ್ದು ತೂಕ ಅಲ್ಲ, ತೂಕದ ಏರಿಕೆ. ಒಬ್ಬಳು 1 ಕಿಲೋ ಏರಿ, ಇನ್ನೊಬ್ಬಳು 1.7 ಕಿಲೋ ಏರಿದರೂ ಲೆಕ್ಕ ಹೆಚ್ಚುಕಡಿಮೆ ಹಾಗೇ ಬರುತ್ತದೆ. ಬೆಳೆಯುವ ಹುಡುಗಿಗೆ ಆ ವ್ಯತ್ಯಾಸ ಒಳ್ಳೆಯದೇ. ಆದರೆ ಕಿಲೋ ಹೇಳದೆ ಶೇಕಡಾ ಮಾತ್ರ ಹೇಳುವ ಚಾಳಿ ಗೋಬಿಯ ಹೆಸರಲ್ಲಿ ನಮ್ಮನ್ನು ಹೆದರಿಸಿದ ಕೈಯದ್ದೇ. ನಮಗೆ ಬೇಕಾದ ಕಡೆ ಅದು ಬಂದಾಗ ನಾವ್ಯಾರೂ ತಕರಾರು ಎತ್ತುವುದಿಲ್ಲ.

ಹಳೆಯ ಭಯವೊಂದು ಇದರ ಹಿನ್ನೆಲೆಯಲ್ಲಿದೆ. ಮೊಟ್ಟೆಯ ಹಳದಿ ಎಂದರೆ ಕೊಲೆಸ್ಟರಾಲ್ ಎಂದು ದಶಕಗಟ್ಟಲೆ ಪತ್ರಿಕೆಗಳು ಬರೆದವು. ಅಮೆರಿಕದ ಆಹಾರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟರಾಲ್ ಎಂಬ ಮಿತಿಯನ್ನು 2015ರ ಆವೃತ್ತಿಯಲ್ಲಿ ಕೈಬಿಟ್ಟಿತು. ಆಹಾರದ ಕೊಲೆಸ್ಟರಾಲ್ ರಕ್ತದ ಕೊಲೆಸ್ಟರಾಲನ್ನು ಅಂದುಕೊಂಡಷ್ಟು ಏರಿಸುವುದಿಲ್ಲ ಎಂಬ ತಿಳಿವಳಿಕೆ ಅಷ್ಟರಲ್ಲಿ ಗಟ್ಟಿಯಾಗಿತ್ತು. ವಿಜ್ಞಾನ ತಿದ್ದಿಕೊಂಡದ್ದನ್ನು ‘ಅಯ್ಯೋ, ಮಾತು ಬದಲಿಸಿದರು’ ಎಂದು ಓದುವಂತೆ ನಮ್ಮನ್ನು ತಯಾರು ಮಾಡಿರುವುದು ಇದೇ ಸುದ್ದಿಮಾರ್ಗ.

2025ರ ಡಿಸೆಂಬರ್‌ನಲ್ಲಿ ಮೊಟ್ಟೆ ಮತ್ತೆ ಸಿಕ್ಕಿಬಿತ್ತು. ಬ್ರ್ಯಾಂಡೊಂದರ ಮೊಟ್ಟೆಯಲ್ಲಿ ನೈಟ್ರೋಫ್ಯುರಾನ್ ಎಂಬ ನಿಷೇಧಿತ ಔಷಧದ ಕುರುಹು ಇದೆ ಎಂದು ಯೂಟ್ಯೂಬ್ ವಿಡಿಯೊ ಒಂದು ಹೇಳಿತು. ಎರಡು ದಿನಗಳಲ್ಲಿ ‘ಮೊಟ್ಟೆ ತಿಂದರೆ ಕ್ಯಾನ್ಸರ್?’ ಎಂಬ ಪ್ರಶ್ನಾರ್ಥಕ ಚಿಹ್ನೆಯ ಸುದ್ದಿಗಳು ಎಲ್ಲ ಕಡೆ. ತಲೆಬರಹಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಜವಾಬ್ದಾರಿ ಕಳಚಿತು ಎಂಬುದು ಡೆಸ್ಕಿನ ನಂಬಿಕೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಡಿಸೆಂಬರ್ 20ರಂದು ಸ್ಪಷ್ಟನೆ ಕೊಟ್ಟಿತು. ಕೋಳಿ ಸಾಕಣೆಯಲ್ಲಿ ಆ ಔಷಧ ನಿಷೇಧಿತವೇ, ಕಿಲೋಗೆ 1 ಮೈಕ್ರೋಗ್ರಾಂ ಎಂಬ ಅಂಕಿ ಇರುವುದು ಪತ್ತೆ ಹಚ್ಚಿ ಕ್ರಮ ಕೈಗೊಳ್ಳಲು, ಅಷ್ಟು ಬಳಸಬಹುದು ಎಂಬ ಪರವಾನಗಿ ಅದಲ್ಲ, ಆ ಮಟ್ಟಕ್ಕಿಂತ ಕೆಳಗಿನ ಕುರುಹಿನಿಂದ ಆರೋಗ್ಯಕ್ಕೆ ಅಪಾಯವಿದೆ ಎನ್ನಲಾಗದು, ಮೊಟ್ಟೆ ಸುರಕ್ಷಿತ. ಕೆಲವು ಜಾಲತಾಣಗಳು ಇದನ್ನು ಚೆನ್ನಾಗಿ ಬರೆದವು, ಪ್ರಶ್ನೋತ್ತರದ ರೂಪದಲ್ಲಿ, ಮಿತಿ ಎಂದರೇನು ಎಂದು ಬಿಡಿಸಿ. ಆದರೆ ಹೆಚ್ಚಿನ ಕಡೆ ಮೊದಲ ದಿನದ ಸುದ್ದಿ ಹಾಗೆಯೇ ಉಳಿಯಿತು, ಸ್ಪಷ್ಟನೆ ಬೇರೊಂದು ಕೊಂಡಿಯಾಗಿ ಬಂತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತಿದ್ದ ಹಳೆಯ ಕೊಂಡಿ ಒತ್ತಿದವರಿಗೆ ಹೊಸ ಮಾಹಿತಿ ಕಾಣುವುದಿಲ್ಲ. ಮುದ್ರಿತ ಪತ್ರಿಕೆಗೆ ಸಾಧ್ಯವೇ ಇಲ್ಲದ, ಆನ್‌ಲೈನಿಗೆ ಮಾತ್ರ ಸಾಧ್ಯವಿರುವ ಅನುಕೂಲ ಎಂದರೆ ಹಳೆಯ ಸುದ್ದಿಯ ನೆತ್ತಿಯ ಮೇಲೇ ‘ಈ ಸುದ್ದಿ ಪರಿಷ್ಕೃತವಾಗಿದೆ’ ಎಂದು ಬರೆಯುವುದು. ಅದಕ್ಕೆ ತಜ್ಞರು ಬೇಡ, ದುಡ್ಡು ಬೇಡ. ಎರಡು ನಿಮಿಷ ಬೇಕು.

ಮೊಟ್ಟೆಯ ದೊಡ್ಡ ಸುದ್ದಿ ಇನ್ನೂ ಮುಂದಿದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಜೊತೆ 2024ರಲ್ಲಿ ಆದ ಒಪ್ಪಂದದಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸುಮಾರು 55 ಲಕ್ಷ ಮಕ್ಕಳಿಗೆ ವಾರಕ್ಕೆ ಎರಡರ ಬದಲು ಆರು ದಿನ ಮೊಟ್ಟೆ ಅಥವಾ ಅದರ ಬದಲಿ ತಿನಿಸು ಸಿಗುವಂತಾಯಿತು. ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ. ಆ ಅವಧಿ ಮುಗಿಯುತ್ತಿದ್ದಂತೆ ಮುಂದುವರಿಸಬೇಕೇ ಎಂಬ ಚರ್ಚೆ ಏಳುತ್ತದೆ, ಜೊತೆಗೆ ಸ್ವಾಮೀಜಿಗಳ ಹೇಳಿಕೆ, ಸಚಿವರ ಹೇಳಿಕೆ ಬರುತ್ತವೆ. ಆ ಹೊತ್ತಿಗೆ ಬರೆಯಲು ಬೇಕಾದ ಲೆಕ್ಕವನ್ನು ಈಗಲೇ ಕೇಳಲು ಶುರುಮಾಡಬೇಕು: ಯಾವ ಜಿಲ್ಲೆಯಲ್ಲಿ ಎಷ್ಟು ಮಕ್ಕಳ ಎತ್ತರ, ತೂಕ, ಹಿಮೋಗ್ಲೋಬಿನ್ ಅಳೆದಿದ್ದಾರೆ, ಬಾಳೆಹಣ್ಣು ಆರಿಸಿಕೊಂಡವರೆಷ್ಟು, ವಾರದ ಆರು ಮೊಟ್ಟೆಗಳಲ್ಲಿ ತಟ್ಟೆಗೆ ಬಂದವು ಎಷ್ಟು, ದರ ಏರಿದ ತಿಂಗಳಲ್ಲಿ ಮುಖ್ಯೋಪಾಧ್ಯಾಯರು ಉಳಿದ ದುಡ್ಡು ಎಲ್ಲಿಂದ ತಂದರು. ಬಿಸಿಯೂಟದ ಅಡುಗೆಯವರನ್ನು, ಶಾಲಾ ದಾಖಲೆ ಇಡುವ ಮೇಷ್ಟ್ರನ್ನು ಮಾತಾಡಿಸಿದರೆ ಇದರಲ್ಲಿ ಅರ್ಧದಷ್ಟು ಮಾಹಿತಿ ತಾಲ್ಲೂಕು ಮಟ್ಟದಲ್ಲೇ ಸಿಗುತ್ತದೆ. ತಾಲ್ಲೂಕಿನ ಅರೆಕಾಲಿಕ ವರದಿಗಾರರಿಗೆ ಅದರ ದಾರಿಯೂ ಗೊತ್ತು. ಅವರ ಕಾಪಿಗೆ ವೆಬ್ ಪುಟದಲ್ಲಿ ಜಾಗ ಕೊಡುವವರು ಬೇಕು.